ಪರಿಸರ ಅರ್ಥಶಾಸ್ತ್ರಕ್ಕೆ ಮೇಷ್ಟ್ರು ಸಿಗದಿರುವುದು ಎಲ್ಲಿಂದ ಶುರು?

‘ಸಹಾಯಕ ಪ್ರಾಧ್ಯಾಪಕ, ಅರ್ಥಶಾಸ್ತ್ರ: 1 ಹುದ್ದೆ.’ ನೇಮಕಾತಿ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ. ಕೆರೆ, ಕಾಡು, ಅಂತರ್ಜಲದ ಮೌಲ್ಯ ಲೆಕ್ಕ ಹಾಕುವುದನ್ನು ಕಲಿಸುವವರೇ ವಿಭಾಗಕ್ಕೆ ಬೇಕಿದ್ದರೂ, ಈ ಸಾಲಿನಲ್ಲಿ ಬಾರದ ಮಾತನ್ನು ಅರ್ಜಿ ಬಂದ ಮೇಲೆ ಸೇರಿಸುವಂತಿಲ್ಲ.

ಪಾಠ ಮೊದಲು ಬಂತು, ಹುದ್ದೆ ಹಿಂದೆ ಉಳಿಯಿತು. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯ ರೂಪಿಸಿತು. ಹೆಚ್ಚಿನ ಕಡೆ ಅದು ಕಾರ್ಯಭಾರ ಕಡಿಮೆಯಿದ್ದ ಅಧ್ಯಾಪಕರ ಹೆಗಲಿಗೆ ಬಿತ್ತು. ಪರಿಸರ ಅರ್ಥಶಾಸ್ತ್ರದ ಸಂಶೋಧನೆ ಬೇರೆಡೆ ಬೆಳೆಯಿತು: ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಐಸೆಕ್‌ನಲ್ಲಿ, ಕೃಷಿ ವಿ.ವಿ.ಗಳ ಕೃಷಿ ಅರ್ಥಶಾಸ್ತ್ರ ವಿಭಾಗಗಳಲ್ಲಿ.

ಹೀಗಾಗಿ ಈ ವಿಷಯ ಬಲ್ಲವರು ಎರಡು ದಾರಿಯಲ್ಲಿ ಬರುತ್ತಾರೆ. ಎಂ.ಎ. ಮಾಡಿದವರದು ಯುಜಿಸಿಯ ಅರ್ಹತಾ ಪರೀಕ್ಷೆ ನೆಟ್. ಅದರ ಅರ್ಥಶಾಸ್ತ್ರ ಪಠ್ಯದ ಹತ್ತು ಘಟಕಗಳಲ್ಲಿ ಪರಿಸರಕ್ಕೆ ಇರುವುದು ಒಂದು, ಅದೂ ಜನಸಂಖ್ಯಾಶಾಸ್ತ್ರದ ಜೊತೆ ಹಂಚಿಕೊಂಡು. ಕೃಷಿ ಅರ್ಥಶಾಸ್ತ್ರದವರದು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಎಎಸ್‌ಆರ್‌ಬಿ ನೆಟ್. ಅಧಿಸೂಚನೆಯಲ್ಲಿ ಬರೀ ‘ಎಂ.ಎ. ಅರ್ಥಶಾಸ್ತ್ರ’ ಎಂದಿದ್ದರೆ, ಬೋರ್‌ವೆಲ್ ಬತ್ತುವ ಅರ್ಥಶಾಸ್ತ್ರವನ್ನೇ ವರ್ಷಗಟ್ಟಲೆ ಓದಿದವರ ಅರ್ಜಿ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ. ಅರ್ಥಶಾಸ್ತ್ರದ ಜೊತೆ ಒಪ್ಪಿಕೊಳ್ಳಬಹುದಾದ ಸಂಬಂಧಿತ ವಿಷಯಗಳ ಪಟ್ಟಿಗೆ ಅಧಿಸೂಚನೆಗೂ ಮುನ್ನವೇ ಒಪ್ಪಿಗೆ ಪಡೆದಿಡಬೇಕು.

ಪರಿಣತಿಯನ್ನು ‘ಕಡ್ಡಾಯ’ ಎಂದು ಬರೆಯಲು ವಿಭಾಗಗಳು ಹೆದರುವುದಕ್ಕೂ ಕಾರಣವಿದೆ. ಹುದ್ದೆ ಯಾವ ಮೀಸಲಾತಿ ಪ್ರವರ್ಗಕ್ಕೆ ಎಂದು ಹೇಳುವ ರೋಸ್ಟರ್ ಬಿಂದುವಿಗೆ ಅದು ಕಟ್ಟುಬಿದ್ದಿರುತ್ತದೆ. ಆ ಪ್ರವರ್ಗದಲ್ಲಿ ಆ ಪರಿಣತಿಯವರು ಸಿಗದಿದ್ದರೆ ಹುದ್ದೆ ಭರ್ತಿಯಾಗದೆ ಬ್ಯಾಕ್‌ಲಾಗ್‌ಗೆ ಹೋಗುತ್ತದೆ. ‘ಅಪೇಕ್ಷಣೀಯ’ ಎಂದು ಬರೆಯುವುದೇ ಜಾಣತನ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅದಕ್ಕೂ ಜಾಗವಿಲ್ಲ. 1242 ಹುದ್ದೆಗಳಿಗೆ 2022ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸಿದ ಪರೀಕ್ಷೆ ವಿಷಯವಾರು ಮಾತ್ರ.

ಇನ್ನು ಅಂಕಪಟ್ಟಿ. ಯುಜಿಸಿಯ 2018ರ ನಿಯಮದಂತೆ ವಿ.ವಿ. ಹುದ್ದೆಯ ಸಂದರ್ಶನಕ್ಕೆ ಕರೆಯುವವರ ಕಿರುಪಟ್ಟಿಗೆ ಪಿಎಚ್‌.ಡಿ.ಗೆ 30, ಸ್ನಾತಕೋತ್ತರಕ್ಕೆ ಹೆಚ್ಚೆಂದರೆ 25, ಪದವಿಗೆ 15. ಪ್ರಕಟಿತ ಸಂಶೋಧನಾ ಪ್ರಬಂಧಕ್ಕೆ ತಲಾ 2ರಂತೆ ಗರಿಷ್ಠ 10. ಪದವಿಯಲ್ಲಿ 80 ಶೇಕಡಾ ದಾಟಿದವರಿಗೆ 15, ಅದಕ್ಕಿಂತ ಕಡಿಮೆ, 60ಕ್ಕೆ ಮೇಲಿದ್ದವರಿಗೆ 13. ಅಂದರೆ ಎಂದೋ ಬರೆದ ಪದವಿ ಪರೀಕ್ಷೆಯ ವ್ಯತ್ಯಾಸವೂ, ಕೆರೆಯೊಂದರ ಮೌಲ್ಯಮಾಪನಕ್ಕೆ ಊರೂರು ಅಲೆದು ಬರೆದ ಪ್ರಬಂಧವೂ ಒಂದೇ ತೂಕ. ಬ್ಯಾಂಕಿಂಗ್ ಪ್ರಬಂಧಕ್ಕೂ ಅದೇ 2. ಇದು ನಮಗೆ ನ್ಯಾಯವೆನಿಸುವುದಿಲ್ಲ.

ಆದರೆ ಈ ಅಂಕ ಕಿರುಪಟ್ಟಿಗಷ್ಟೇ; ಆಯ್ಕೆ ಸಂದರ್ಶನದಲ್ಲಿ. ಸಮಿತಿಯಲ್ಲಿ ಮೂವರು ವಿಷಯ ತಜ್ಞರಿರುತ್ತಾರೆ, ಕೋರಂಗೆ, ಅಂದರೆ ಸಭೆ ನಡೆಯಲು, ನಾಲ್ವರು ಸಾಕು, ಅವರಲ್ಲಿ ಹೊರಗಿನ ತಜ್ಞರು ಇಬ್ಬರಿರಬೇಕು. ಎಡವಟ್ಟಾಗುವುದು ಇಲ್ಲೇ. ಪರಿಸರದ ಒಬ್ಬರೇ ತಜ್ಞರು ಅಂದು ಬಾರದಿದ್ದರೂ ಕೋರಂ ಆಗುತ್ತದೆ, ಪ್ರಶ್ನೆಗಳೆಲ್ಲ ಹಣದುಬ್ಬರದತ್ತ ಹೊರಳುತ್ತವೆ. ತಜ್ಞರ ಪಟ್ಟಿ ಮಾಡುವಾಗಲೇ ಈ ಕ್ಷೇತ್ರದ ಇಬ್ಬರನ್ನು ಸೇರಿಸಿಕೊಳ್ಳಬೇಕು.

ಕೇಳಬೇಕಾದ್ದು ವ್ಯಾಖ್ಯೆಯನ್ನಲ್ಲ. ರಂಗನತಿಟ್ಟಿನ ಮೌಲ್ಯವನ್ನು ಪ್ರಯಾಣ ವೆಚ್ಚ ವಿಧಾನದಿಂದ, ಅಂದರೆ ಜನ ಅಲ್ಲಿಗೆ ಬರಲು ಮಾಡುವ ಖರ್ಚಿನಿಂದ, ಹೇಗೆ ಲೆಕ್ಕ ಹಾಕುತ್ತೀರಿ ಎಂದು ಕೇಳಿ, ಸೀಮೆಸುಣ್ಣ ಕೈಗೆ ಕೊಡಬೇಕು. ಬಸ್ ಚಾರ್ಜು, ಟಿಕೆಟ್ಟು, ಕಳೆದುಕೊಂಡ ಕೂಲಿ, ವರ್ಷಕ್ಕೆ ಎಷ್ಟು ಸಲ ಬಂದರು, ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಅದೇ ದಿನ ಮೈಸೂರು ಅರಮನೆಯನ್ನೂ ನೋಡಿಕೊಂಡು ಹೋಗುವವರ ಬಸ್ ಚಾರ್ಜಿನಲ್ಲಿ ಹಕ್ಕಿಗಳ ಪಾಲೆಷ್ಟು ಎಂದು ತಾವಾಗಿಯೇ ನಿಂತು ಯೋಚಿಸುವವರು ಈ ಕೆಲಸ ಮಾಡಿದವರು.