ಪೆಲೆಟ್ ಒಲೆ ಹೊಗೆ ಕಾರುತ್ತಿದೆಯೇ? ಮೊದಲು ಚೀಲಕ್ಕೆ ಕೈ ಹಾಕಿ

ಪ್ರಶ್ನೆ: ನಾವು ದಾವಣಗೆರೆಯವರು. ಬೇಸಿಗೆಯಲ್ಲಿ ಫ್ಯಾನ್ ಇರುವ ಪೆಲೆಟ್ ಒಲೆ ತಂದೆವು, ಹೊಟ್ಟು, ಮರದ ಪುಡಿ ಒತ್ತಿ ಮಾಡಿದ ಕಡ್ಡಿ ಉರಿಸುವಂಥದ್ದು. ಎರಡು ತಿಂಗಳು ಗ್ಯಾಸ್ ಒಲೆಯಂತೆ ಉರಿಯಿತು. ಮಳೆಗಾಲ ಶುರುವಾದ ಮೇಲೆ ಬೆಂಕಿ ಹತ್ತಲು ಕಾಲು ಗಂಟೆ ಬೇಕು, ಪಾತ್ರೆಯ ತಳವೆಲ್ಲ ಮಸಿ, ಅರ್ಧಕ್ಕೇ ಉರಿ ಕುಗ್ಗುತ್ತದೆ. ಇರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿರುತ್ತೇವೆ, ಆಗ ತಲೆನೋವೂ ಬರುತ್ತದೆ. ಒಲೆ ಕೆಟ್ಟಿದೆಯೇ?

ಉತ್ತರ: ನೀವು ಕೊನೆಗೆ ಬರೆದ ಸಾಲಿಗೆ ಮೊದಲು ಉತ್ತರಿಸುತ್ತೇನೆ. ಮುಚ್ಚಿದ ಕೋಣೆಯಲ್ಲಿ ಸರಿಯಾಗಿ ಉರಿಯದ ಒಲೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗೆ ಓಡಿಸುತ್ತದೆ, ಇದು ಹಾಗೆ ಮಾಡುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಲಕ್ಷಣಗಳು. ಒಲೆ ಸರಿಹೋಗುವವರೆಗೆ ಅದನ್ನು ಹಿತ್ತಿಲ ಸೂರಿನ ಕೆಳಗೋ ಗಾಳಿಯಾಡುವ ಪಡಸಾಲೆಗೋ ಸಾಗಿಸಿ. ಅಡುಗೆ ಮುಗಿದ ಮೇಲೆ ಉಳಿದ ಕೆಂಡ ಇನ್ನೂ ಅಪಾಯಕಾರಿ. ಚಳಿಯೆಂದು ಅದನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳಬೇಡಿ.

ಇನ್ನು ಒಲೆಯ ವಿಷಯ. ನನ್ನ ಅಂದಾಜಿನಲ್ಲಿ ಒಲೆ ಕೆಟ್ಟಿಲ್ಲ, ಚೀಲದಲ್ಲಿರುವ ಪೆಲೆಟ್ ಕೆಟ್ಟಿದೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಹಂಡೆಯ ನೀರು ಕಾಯಿಸಲು ಇಟ್ಟುಕೊಂಡಿದ್ದ ಒಲೆ ಒಂದು ಶ್ರಾವಣದಲ್ಲಿ ಹೀಗೆಯೇ ಹೊಗೆಯಾಡತೊಡಗಿತು. ರಿಪೇರಿಗೆ ಒಯ್ದೆ, ಫ್ಯಾನ್ ಬದಲಾಯಿಸಿಕೊಟ್ಟರು, ಹೊಗೆ ನಿಲ್ಲಲಿಲ್ಲ. ಪಕ್ಕದ ಮನೆಯ ಅಜ್ಜಿ ಒಂದು ದಿನ ಚೀಲಕ್ಕೆ ಕೈ ಹಾಕಿ ಒಂದು ಪೆಲೆಟ್ ತೆಗೆದು ಮುರಿದರು. ಶಬ್ದವೇ ಬರಲಿಲ್ಲ. “ಹಸಿ ಕುಳ್ಳು ಒಟ್ಟಿ ಒಲೆಯನ್ನು ಬೈಯುತ್ತೀಯಲ್ಲಪ್ಪಾ” ಎಂದರು. ಚೀಲ ಬಚ್ಚಲ ಗೋಡೆಗೆ ಒರಗಿತ್ತು, ಬರಿಯ ನೆಲದ ಮೇಲಿತ್ತು.

ಪೆಲೆಟ್ ಎಂದರೆ ಹೊಟ್ಟು, ಸಿಪ್ಪೆ, ಮರದ ಪುಡಿಯನ್ನು ಯಂತ್ರದಲ್ಲಿ ಒತ್ತಿ ಮಾಡಿದ ಕಡ್ಡಿ. ಅದಕ್ಕೆ ನೀರೇ ಶತ್ರು. ಒಂದನ್ನು ಲೋಟದ ನೀರಿಗೆ ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲಿ ಉಬ್ಬಿ ಮತ್ತೆ ಹೊಟ್ಟಾಗಿಬಿಡುತ್ತದೆ. ಮಳೆಗಾಲದ ಗಾಳಿ ಇದನ್ನೇ ನಿಧಾನವಾಗಿ ಮಾಡುತ್ತದೆ. ಒಳ್ಳೆಯ ಪೆಲೆಟ್ಟಿನಲ್ಲಿ ತೇವಾಂಶ ಸುಮಾರು ನೂರಕ್ಕೆ 10ರ ಒಳಗಿರುತ್ತದೆ. ಅದು ಏರಿದಂತೆ ಬೆಂಕಿಯ ಶಾಖ ಅಡುಗೆಗೆ ಹೋಗುವ ಮೊದಲು ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಬೇಕು. ಉರಿ ತಣ್ಣಗಾಗುತ್ತದೆ, ತಣ್ಣಗಿನ ಉರಿ ಹೊಗೆಯನ್ನು ಸುಡಲಾರದು, ಆ ಹೊಗೆಯೇ ನಿಮ್ಮ ಪಾತ್ರೆಗೆ ಮಸಿಯಾಗಿ ಅಂಟುತ್ತದೆ.

ಒಣಗಿದ ಪೆಲೆಟ್ ಮುರಿದರೆ ಚಟ್ ಎನ್ನಬೇಕು, ಮೈ ನುಣುಪಾಗಿ ಹೊಳೆಯಬೇಕು. ಬಾಗಿದರೆ, ಉಗುರಿಗೆ ಪುಡಿಯಾದರೆ, ಮೈ ಬಿರುಕು ಬಿಟ್ಟಿದ್ದರೆ ತೇವ ಹಿಡಿದಿದೆ. ತಕ್ಕಡಿ ಇದ್ದರೆ ನೂರು ಗ್ರಾಂ ತೂಗಿ, ಬಿಸಿಲು ಬಿದ್ದ ದಿನ ತಟ್ಟೆಯಲ್ಲಿ ಹರಡಿ, ಸಂಜೆ ಮತ್ತೆ ತೂಗಿ. ಕಡಿಮೆಯಾದಷ್ಟು ಗ್ರಾಂ ನೀರಿಗೆ ನೀವು ದುಡ್ಡು ಕೊಟ್ಟಿದ್ದೀರಿ. (ಆಷಾಢದಲ್ಲಿ ಬಿಸಿಲು ಎಲ್ಲಿಂದ ತರುವುದು ಎಂದು ಕೇಳಬೇಡಿ.) ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ವಾರಕ್ಕೆ ಬೇಕಾದಷ್ಟನ್ನು ಮುಚ್ಚಳದ ಡಬ್ಬಿಗೆ ತುಂಬಿಕೊಂಡು ಚೀಲದ ಬಾಯಿ ಬಿಗಿಯಾಗಿ ಕಟ್ಟಿ.

ತೇವವಿಲ್ಲದಿದ್ದರೂ ಒಲೆ ಕುಗ್ಗುತ್ತದೆಯೇ? ಹಾಗಾದರೆ ಪೆಲೆಟ್ ಯಾವುದರದ್ದು ಎಂದು ಕೇಳಬೇಕು. ನಮ್ಮ ಕಡೆ ಕಚ್ಚಾ ಸಾಮಗ್ರಿಗೆ ಬರವಿಲ್ಲ. ಭದ್ರಾ ನೀರಿನ ಭತ್ತದಿಂದ ಹೊಟ್ಟು, ಚಳ್ಳಕೆರೆ ಕಡೆಯಿಂದ ಶೇಂಗಾ ಸಿಪ್ಪೆ, ಎಲ್ಲೆಡೆಯೂ ಮೆಕ್ಕೆಜೋಳದ ಬೆಂಡು. ಆದರೆ ಎಲ್ಲವೂ ಒಂದೇ ರೀತಿ ಉರಿಯುವುದಿಲ್ಲ. ಭತ್ತದ ಹೊಟ್ಟಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಬೂದಿ, ಆ ಬೂದಿಯ ಬಹುಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಒಂದು ಕಿಲೋ ಉರಿಸಿದರೆ ಇನ್ನೂರು ಗ್ರಾಂ ಬೂದಿ ಒಲೆಯ ತಳದಲ್ಲೇ ಕೂರುತ್ತದೆ. ಶೇಂಗಾ ಸಿಪ್ಪೆಯದ್ದು ಅದಕ್ಕಿಂತ ಎಷ್ಟೋ ಕಡಿಮೆ, ಶುದ್ಧ ಮರದ ಪುಡಿಯದ್ದು ಇನ್ನೂ ಕಡಿಮೆ. ಮೆಕ್ಕೆಜೋಳವನ್ನು ರಸ್ತೆಯ ಮೇಲೆ ಒಕ್ಕುವುದನ್ನು ನೀವೂ ನೋಡಿದ್ದೀರಿ. ಆ ಮಣ್ಣು ಬೆಂಡಿನ ಜೊತೆ ಯಂತ್ರದೊಳಗೂ ಹೋಗಬಹುದು. ಬೆಳೆಯ ಉಳಿಕೆಯಲ್ಲಿರುವ ಪೊಟ್ಯಾಷ್ ಸಿಲಿಕಾದೊಡನೆ ಸೇರಿದರೆ ಬೂದಿ ಕಡಿಮೆ ಶಾಖಕ್ಕೇ ಕರಗಿ ಗಾಜಿನಂಥ ಕಿಟ್ಟವಾಗುತ್ತದೆ, ಜಾಲರಿಯ ತೂತುಗಳನ್ನು ಮುಚ್ಚುತ್ತದೆ. ಅರ್ಧಕ್ಕೇ ಉರಿ ಕುಗ್ಗುವ ನಿಮ್ಮ ದೂರಿಗೆ ಇದೂ ಕಾರಣವಿರಬಹುದು.

ಈ ಒಲೆಗೆ ಎರಡು ಕಡೆಯಿಂದ ಗಾಳಿ ಬೇಕು. ತಳದ ಜಾಲರಿಯಿಂದ ಬರುವ ಗಾಳಿ ಪೆಲೆಟ್ಟನ್ನು ಬೇಯಿಸಿ ಉರಿಯುವ ಅನಿಲ ಹೊರಡಿಸುತ್ತದೆ. ಮೇಲಂಚಿನ ತೂತುಗಳಿಂದ ಬರುವ ಗಾಳಿ ಆ ಅನಿಲವನ್ನು ಸುಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ ಬಂದ ಊರ್ಜಾ ಒಲೆಯೂ ಇದೇ ಬಗೆಯದು. ಆದ್ದರಿಂದ ಮೇಲಿನ ತೂತುಗಳನ್ನು ಮುಚ್ಚುವಂತೆ ಪೆಲೆಟ್ ತುಂಬಬೇಡಿ. ಚೀಲದ ಅಡಿಯ ಪುಡಿಯನ್ನು ಒಂದರಿಯಾಡಿ ಬಿಡಿ, ಅದನ್ನು ಸುರಿದರೆ ತಳದ ಗಾಳಿ ನಿಲ್ಲುತ್ತದೆ. ಒಣ ತೆಂಗಿನ ನಾರನ್ನು ಮೇಲಿಟ್ಟು ಮೇಲಿನಿಂದಲೇ ಹಚ್ಚಿ. ಉರಿ ಕುಗ್ಗಿತೆಂದು ನಡುವೆ ಹಿಡಿಗಟ್ಟಲೆ ಸುರಿಯಬೇಡಿ. ಇದು ಸೌದೆ ಒಲೆಯಲ್ಲ, ನಡುವೆ ಒಟ್ಟಿದರೆ ಹೊಗೆ ಗ್ಯಾರಂಟಿ. ಪೂರ್ತಿ ತಣ್ಣಗಾದ ಮೇಲೆ ಬೂದಿ ಬಳಿದು, ಜಾಲರಿಯ ಒಂದೊಂದು ತೂತಿಗೂ ತಂತಿ ತೂರಿಸಿ ಕಿಟ್ಟ ಕೆಡವಿ.

ಫ್ಯಾನ್ ಕೊನೆಗೆ ನೋಡಬೇಕಾದದ್ದು. ಅದು ನಮ್ಮ ಹಳೆಯ ಊದುಗೊಳವೆ, ಅಷ್ಟೇ. ಬೆಂಕಿಯಿಲ್ಲದಾಗ ಚಾಲೂ ಮಾಡಿ ಮೇಲಿನ ತೂತುಗಳ ಮುಂದೆ ತೆಳು ಕಾಗದದ ಚೂರು ಹಿಡಿಯಿರಿ. ಅದು ಅಲುಗಾಡದಿದ್ದರೆ ಬ್ಯಾಟರಿ ಚಾರ್ಜ್ ಆಗಿದೆಯೇ ನೋಡಿ, ವೈರ್ ಕಳಚಿ ರೆಕ್ಕೆಗಳ ಮೇಲಿನ ಧೂಳು, ಜೇಡರ ಬಲೆಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ನನ್ನ ಒಲೆಯಿಂದ ಒಮ್ಮೆ ಜಿರಳೆಯ ಸಂಸಾರವೇ ಹೊರಬಂದಿತ್ತು.

ಇಷ್ಟಾದ ಮೇಲೂ ಹೊಗೆ ನಿಲ್ಲದಿದ್ದರೆ ರಿಪೇರಿಗೆ ಒಯ್ಯಿರಿ. ಹೋಗುವಾಗ ಒಲೆಯ ಜೊತೆ ಒಂದು ಹಿಡಿ ಪೆಲೆಟ್ಟೂ ಇರಲಿ, ರಿಪೇರಿಯವರ ಮುಂದೆಯೇ ಒಂದನ್ನು ಮುರಿದು ತೋರಿಸಿ.