ಝುಂಯ್ ಅನ್ನುವ ಆಂಪ್ಲಿಫೈಯರ್‌ಗೆ ಹೊಸ ಐಸಿ ಬೇಕಿಲ್ಲ

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿದವರು ಅದನ್ನು ಹೊತ್ತುಕೊಂಡು ನನ್ನ ಅಂಗಡಿಗೆ ಬಂದಾಗ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ‘ಹಾಡು ಚೆನ್ನಾಗಿ ಬರುತ್ತೆ ಸಾರ್, ಆದ್ರೆ ಹಿಂದೆ ಝುಂಯ್ ಅಂತಾನೇ ಇರುತ್ತೆ. ಐಸಿ ಬದಲಾಯಿಸಿದೆ, ಹೋಗಲಿಲ್ಲ. ಅಂಗಡಿಯವರು ಡೂಪ್ಲಿಕೇಟ್ ಕೊಟ್ಟಿರಬೇಕು.’

ಐಸಿ ಅಂದರೆ ದನಿಯನ್ನು ದೊಡ್ಡದು ಮಾಡುವ ಚಿಪ್ಪು; ಅದರ ಡೂಪ್ಲಿಕೇಟುಗಳು ಮಾರುಕಟ್ಟೆಯಲ್ಲಿ ಇರುವುದು ನಿಜ. ಆದರೆ ಅವು ಸಾಮಾನ್ಯವಾಗಿ ಬೇರೆ ರೀತಿ ಕೈಕೊಡುತ್ತವೆ. ಬೇಗ ಬಿಸಿಯಾಗುತ್ತವೆ, ವಾಲ್ಯೂಮ್ ಏರಿಸಿದರೆ ದನಿ ಒಡೆಯುತ್ತದೆ, ಕೊನೆಗೆ ಸುಟ್ಟುಹೋಗುತ್ತವೆ. ಹಾಡೂ ಸರಿಯಾಗಿ ಬಂದು, ಜೊತೆಗೆ ಝುಂಯ್ ಅಂತಲೂ ಇದ್ದರೆ ನಾನು ಐಸಿ ಮುಟ್ಟುವುದೇ ಇಲ್ಲ. ಮೊದಲು ಗ್ರೌಂಡ್ ವೈರುಗಳು, ಅಂದರೆ ಕರೆಂಟು ವಾಪಸ್ ಹೋಗುವ ವೈರುಗಳು, ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ನೋಡುತ್ತೇನೆ. ಹೆಚ್ಚಿನ ಸಲ ತೊಂದರೆ ಅಲ್ಲೇ ಸಿಗುತ್ತದೆ.

‘ಗ್ರೌಂಡ್ ಅಂದ್ರೆ ಸೊನ್ನೆ ವೋಲ್ಟ್, ಎಲ್ಲಿ ಜೋಡಿಸಿದ್ರೂ ಸೊನ್ನೆಯೇ ಅಲ್ವಾ?’ ಎಂದು ಕೇಳುತ್ತಾರೆ. ಸರ್ಕ್ಯೂಟ್ ಚಿತ್ರದಲ್ಲಿ ಹೌದು. ಡಬ್ಬಿಯೊಳಗೆ ಅಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದೊಂದು ತಿಳಿದರೆ ಉಳಿದದ್ದನ್ನು ನೀವೇ ಸರಿ ಮಾಡಿಕೊಳ್ಳುತ್ತೀರಿ.

ನಮ್ಮ ಕಡೆ ಎಲ್ಲರೂ ಮೊದಲು ಕಟ್ಟುವ ಎಲ್‌ಎ4440 ಐಸಿಯನ್ನೇ ತೆಗೆದುಕೊಳ್ಳಿ. ಅದು 13.2 ವೋಲ್ಟಿನ, ಅಂದರೆ ಕಾರಿನ ಬ್ಯಾಟರಿ ಲೆಕ್ಕದ ಐಸಿ. ಮನೆಯಲ್ಲಿ ಅದಕ್ಕೆ 12-0-12 ಟ್ರಾನ್ಸ್‌ಫಾರ್ಮರ್, ಎರಡು ಡಯೋಡ್, ಒಂದು ದೊಡ್ಡ ಕೆಪಾಸಿಟರ್ ಹಾಕುತ್ತೀರಿ. ಟ್ರಾನ್ಸ್‌ಫಾರ್ಮರಿನ ನಡುವಿನ ‘0’ ವೈರು, ಅಂದರೆ ಸೆಂಟರ್ ಟ್ಯಾಪ್, ನಿಮ್ಮ ಗ್ರೌಂಡ್. ಹಾಡು ಇಲ್ಲದಾಗಲೂ ಐಸಿ ಸುಮಾರು 100 ಮಿಲಿ ಆಂಪಿಯರ್ ಎಳೆಯುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನಿಂದ ಕೆಪಾಸಿಟರಿಗೆ ಕರೆಂಟು ಒಂದೇ ಸಮನೆ ಹರಿಯುವುದಿಲ್ಲ. ಸೆಕೆಂಡಿಗೆ 100 ಸಲ, ಅಲೆ ತುದಿ ಮುಟ್ಟಿದ ಆ ಸ್ವಲ್ಪ ಹೊತ್ತಿನಲ್ಲಿ ಮಾತ್ರ, ಒಮ್ಮೆಲೇ ನುಗ್ಗುತ್ತದೆ. ಆ ನುಗ್ಗು ಒಂದು ಆಂಪಿಯರ್ ಹತ್ತಿರ ಹೋಗಬಹುದು. ಹಾಡು ಜೋರಾದರೆ ಇನ್ನೂ ಜಾಸ್ತಿ. ಅದು ವಾಪಸ್ ಹೋಗುವುದು ಕೆಪಾಸಿಟರಿನ ನೆಗೆಟಿವ್ ಕಾಲಿನಿಂದ ಸೆಂಟರ್ ಟ್ಯಾಪಿಗೆ ಹೋಗುವ ವೈರಿನಲ್ಲಿ.

ಆ ವೈರು ತಾಮ್ರದ್ದೇ, ಆದರೂ ಅದಕ್ಕೆ ರೆಸಿಸ್ಟೆನ್ಸ್ ಇದೆ. 0.5 ಚದರ ಮಿಲಿಮೀಟರಿನ ವೈರು 10 ಸೆಂಟಿಮೀಟರ್ ಇದ್ದರೆ ಸುಮಾರು 3 ಮಿಲಿ ಓಮ್. ಒಂದು ಆಂಪಿಯರ್ ಹರಿದರೆ ಎರಡು ತುದಿಗಳ ನಡುವೆ 3 ಮಿಲಿ ವೋಲ್ಟ್. ‘ಅಷ್ಟೇನಾ?’ ಎನ್ನಬೇಡಿ. ನೀವು ಐಸಿಯ ಗ್ರೌಂಡನ್ನು ಕೆಪಾಸಿಟರ್ ಕಾಲಿಗೆ ಕೊಟ್ಟು, ಇನ್‌ಪುಟ್ ಸಾಕೆಟ್ಟಿನ ಗ್ರೌಂಡನ್ನು ‘ಹತ್ತಿರ ಇತ್ತು’ ಅಂತ ಸೆಂಟರ್ ಟ್ಯಾಪ್ ಕಡೆ ಬೆಸೆದಿದ್ದರೆ, ಆ 3 ಮಿಲಿ ವೋಲ್ಟ್ ನೇರವಾಗಿ ಹಾಡಿನ ಜೊತೆ ಸೇರಿ ಐಸಿಯೊಳಗೆ ಹೋಗುತ್ತದೆ. ಈ ಐಸಿ ಒಳಬಂದದ್ದನ್ನು 350 ಪಟ್ಟಿನಷ್ಟು ದೊಡ್ಡದು ಮಾಡುತ್ತದೆ. ಸ್ಪೀಕರಿನಲ್ಲಿ ಒಂದು ವೋಲ್ಟ್ ಝುಂಯ್! ವಾಲ್ಯೂಮ್ ಪೂರ್ತಿ ಕೊಟ್ಟಾಗ ಆ ಐಸಿಯಿಂದ ಬರುವುದೇ ಐದು ವೋಲ್ಟಿನ ಆಸುಪಾಸು.

ಮೇಲಿನ ಮಹಡಿಗೂ ಕೆಳಗಿನ ಮನೆಗೂ ಒಂದೇ ಬಚ್ಚಲ ಪೈಪು ಇದ್ದರೆ, ಮೇಲಿನವರು ಒಂದು ಬಕೆಟ್ ನೀರು ಸುರಿದಾಗ ಕೆಳಗಿನವರ ಬಚ್ಚಲಲ್ಲಿ ನೀರು ಉಕ್ಕುತ್ತದೆ. ಗ್ರೌಂಡ್ ವೈರಿನಲ್ಲಿ ಆಗುವುದೂ ಇದೇ. ದೊಡ್ಡ ಕರೆಂಟು ವಾಪಸ್ ಹೋಗುವ ದಾರಿಯಲ್ಲಿ ಚಿಕ್ಕ ಸಿಗ್ನಲ್ಲನ್ನು ಕಳಿಸಬಾರದು.

ಹಾಗಾದರೆ ಹೇಗೆ ಜೋಡಿಸಬೇಕು? ಸೆಂಟರ್ ಟ್ಯಾಪ್ ವೈರು ನೇರವಾಗಿ ಕೆಪಾಸಿಟರಿನ ನೆಗೆಟಿವ್ ಕಾಲಿಗೆ ಬರಲಿ, ಗಿಡ್ಡ, ದಪ್ಪ ವೈರು. ಅದರ ಮಧ್ಯದಲ್ಲಿ ಬೇರೆ ಏನನ್ನೂ ಬೆಸೆಯಬೇಡಿ. ಕೆಪಾಸಿಟರ್ ಕಾಲಿನಿಂದ ಇನ್ನೊಂದು ಗಿಡ್ಡ ವೈರು ತೆಗೆದು ಒಂದು ಲಗ್ಗಿಗೆ (ವೈರುಗಳನ್ನು ಬೆಸೆಯುವ ಲೋಹದ ತುಂಡು) ಕೊಡಿ. ಐಸಿ ಗ್ರೌಂಡ್, ಸ್ಪೀಕರ್ ವಾಪಸ್ಸು, ಇನ್‌ಪುಟ್ ಗ್ರೌಂಡ್ ಎಲ್ಲವೂ ಆ ಲಗ್ಗಿಗೆ ಒಂದೊಂದು ಬೇರೆ ವೈರಿನಲ್ಲಿ ಬರಲಿ. ಇದಕ್ಕೆ ಸ್ಟಾರ್ ಗ್ರೌಂಡ್ ಎನ್ನುತ್ತಾರೆ, ನೀವೂ ಕೇಳಿರುತ್ತೀರಿ. ಕೇಳಿಯೂ ತುಂಬಾ ಜನ ಸೆಂಟರ್ ಟ್ಯಾಪನ್ನೂ ಅದೇ ಲಗ್ಗಿಗೆ ತಂದು ಬೆಸೆಯುತ್ತಾರೆ. ಆಗ ಆ ನುಗ್ಗು ಕರೆಂಟು ಲಗ್ಗಿನ ಮೂಲಕವೇ ಹಾದುಹೋಗುತ್ತದೆ, ಕಟ್ಟಿದ್ದೆಲ್ಲ ವ್ಯರ್ಥ. ಲಗ್ಗು ಕೆಪಾಸಿಟರಿನ ಆಚೆಗಿರಬೇಕು, ಟ್ರಾನ್ಸ್‌ಫಾರ್ಮರ್ ಕಡೆ ಅಲ್ಲ. ಟಿಡಿಎ2030, ಎಲ್‌ಎಂ3886 ತರಹದ ಐಸಿಗಳಿಗೆ ಕೊಡುವ ಪ್ಲಸ್-ಮೈನಸ್ ಸಪ್ಲೈನಲ್ಲಿ ಆ ನುಗ್ಗು ಎರಡು ಕೆಪಾಸಿಟರ್ ಸೇರುವ ಪಟ್ಟಿಯಲ್ಲಿ ಹರಿಯುತ್ತದೆ. ಅಲ್ಲೂ ಲಗ್ಗನ್ನು ಪಟ್ಟಿಯ ಮೇಲೆ ಇಡದೆ ಸ್ವಲ್ಪ ದೂರಕ್ಕೆ ತನ್ನಿ.

ಜನ ಮಾಡುವ ಇನ್ನೊಂದು ಖರ್ಚು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆಂಪ್ಲಿಫೈಯರನ್ನು ಬ್ಯಾಟರಿಗೆ ಹಾಕಿ ನೋಡುತ್ತಾರೆ. ಝುಂಯ್ ಇರುವುದಿಲ್ಲ. ‘ಟ್ರಾನ್ಸ್‌ಫಾರ್ಮರೇ ಸರಿ ಇಲ್ಲ’ ಅಂದುಕೊಂಡು ದೊಡ್ಡದು ತರುತ್ತಾರೆ, 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ತೆಗೆದು 10,000ದ್ದು ಹಾಕುತ್ತಾರೆ. ಬ್ಯಾಟರಿಯಲ್ಲಿ ಸದ್ದಿಲ್ಲದಿರುವುದು ಆ ನುಗ್ಗು ಕರೆಂಟು ಇಲ್ಲದ್ದರಿಂದ. ಕೆಪಾಸಿಟರ್ ದೊಡ್ಡದಾದಷ್ಟೂ ಅದು ತುಂಬಿಕೊಳ್ಳುವ ಹೊತ್ತು ಕಡಿಮೆಯಾಗುತ್ತದೆ, ನುಗ್ಗು ಇನ್ನೂ ಚೂಪಾಗುತ್ತದೆ. ಗ್ರೌಂಡ್ ತಪ್ಪಿದ್ದರೆ ಝುಂಯ್ ಜಾಸ್ತಿಯೇ ಆಗಬಹುದು.

ಈಗ ‘ನೀಟು’ ವೈರಿಂಗ್ ವಿಷಯ. ತುಮಕೂರಿನ ಕಡೆಯ ಒಬ್ಬ ಡಿಪ್ಲೊಮಾ ಹುಡುಗ ತಂದಿದ್ದ ಡಬ್ಬಿ ನೋಡಿ ಖುಷಿಯಾಗಿತ್ತು. ಬೆಸುಗೆಗಳೆಲ್ಲ ಹೊಳೆಯುತ್ತಿದ್ದವು, ಎಲ್ಲಾ ಕಡೆ ಸ್ಲೀವ್ ಇತ್ತು. ಆದರೆ ಮೇನ್ಸ್ ವೈರು, ಟ್ರಾನ್ಸ್‌ಫಾರ್ಮರ್ ವೈರು, ಸ್ಪೀಕರ್ ವೈರು, ವಾಲ್ಯೂಮ್ ಕಂಟ್ರೋಲಿಗೆ ಹೋಗುವ ಇನ್‌ಪುಟ್ ವೈರು, ಎಲ್ಲವನ್ನೂ ಒಂದೇ ಕಟ್ಟು ಮಾಡಿ ಕೇಬಲ್ ಟೈ ಬಿಗಿದಿದ್ದ. ನಾನು ಒಂದೊಂದೇ ಟೈ ಕತ್ತರಿಸುವಾಗ ಅವನ ಮುಖ ನೋಡಲಾಗಲಿಲ್ಲ, ಪಾಪ. ಇನ್‌ಪುಟ್ ವೈರನ್ನು ಮರದ ಕಡ್ಡಿಯಿಂದ ಮೆಲ್ಲಗೆ ಆಚೆ ಸರಿಸಿದಾಗ ಸದ್ದು ಇಳಿಯಿತು. ಮತ್ತೆ ಹತ್ತಿರ ತಂದಾಗ ಏರಿತು. ಅವನೇ ಕಡ್ಡಿ ಕಿತ್ತುಕೊಂಡು ತುಂಬಾ ಹೊತ್ತು ಆಡಿಸುತ್ತಾ ಕುಳಿತ. ಅಂಥ ಹುಡುಗರನ್ನು ಕಂಡರೆ ನನಗೆ ಬಹಳ ಪ್ರೀತಿ.

ಎಸಿ ವೈರುಗಳನ್ನು ಜೋಡಿಯಾಗಿ ಹೊಸೆದು ಡಬ್ಬಿಯ ಒಂದು ಮೂಲೆಯಲ್ಲಿ ಒಯ್ಯಿರಿ. ಹೋಗುವ ಕರೆಂಟೂ ಬರುವ ಕರೆಂಟೂ ಅಕ್ಕಪಕ್ಕ ಇದ್ದಾಗ ಅವುಗಳ ಕಾಂತಕ್ಷೇತ್ರ ಬಹುಪಾಲು ಒಂದನ್ನೊಂದು ಅಳಿಸುತ್ತದೆ. ಇನ್‌ಪುಟ್‌ಗೆ ಶೀಲ್ಡ್ ವೈರು (ಸುತ್ತ ತಂತಿಯ ಹೊದಿಕೆ ಇರುವುದು), ಎದುರು ಮೂಲೆಯಲ್ಲಿ. ಎರಡೂ ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ, ಪಕ್ಕಪಕ್ಕ ಓಡುವುದು ಬೇಡ. ಟ್ರಾನ್ಸ್‌ಫಾರ್ಮರಿಗೆ ತೂತು ಕೊರೆಯುವ ಮುಂಚೆ ಅದನ್ನು ಸುಮ್ನೆ ತಿರುಗಿಸಿ ನೋಡಿ, ಯಾವ ದಿಕ್ಕಿಗೆ ಸದ್ದು ಕಡಿಮೆಯೋ ಹಾಗೆ ಕೂರಿಸಿ. ಟೊರಾಯ್ಡ್, ಅಂದರೆ ಬಳೆಯಾಕಾರದ ಟ್ರಾನ್ಸ್‌ಫಾರ್ಮರ್ ಆದರೆ ನಡುವಿನ ಬೋಲ್ಟು ಮೇಲಿನ ಮುಚ್ಚಳಕ್ಕೆ ತಾಗದಂತೆ ನೋಡಿಕೊಳ್ಳಿ. ತಾಗಿದರೆ ಬೋಲ್ಟು ಮತ್ತು ಡಬ್ಬಿ ಸೇರಿ ಒಂದು ಶಾರ್ಟ್ ಆದ ಸುತ್ತು ಆಗುತ್ತದೆ, ಫ್ಯೂಸ್ ಹೋಗುತ್ತದೆ.

ಈ ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮುಲಾಜೂ ನೋಡುವುದಿಲ್ಲ. ಝುಂಯ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ವೈರು (ಡಬ್ಬಿಯನ್ನು ನೆಲಕ್ಕೆ ಜೋಡಿಸುವ ರಕ್ಷಣೆಯ ವೈರು) ಕಿತ್ತುಹಾಕುವವರಿದ್ದಾರೆ. ಸದ್ದು ಹೋಗಲೂಬಹುದು. ಆದರೆ ಯಾವತ್ತೋ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಕೆಟ್ಟರೆ ಲೋಹದ ಡಬ್ಬಿಗೆ 230 ವೋಲ್ಟ್ ಬರುತ್ತದೆ. ಅರ್ಥ್ ಇದ್ದರೆ ಫ್ಯೂಸ್ ಸುಡುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಕೈ. ಅರ್ಥ್ ವೈರು ಡಬ್ಬಿಗೆ ಅದರದ್ದೇ ಬೋಲ್ಟಿನಲ್ಲಿ, ಬಣ್ಣ ಕೆರೆದ ಜಾಗದಲ್ಲಿ ಬಿಗಿಯಾಗಿರಲಿ. ನಿಮ್ಮ ಮನೆಯ ಸಾಕೆಟ್ಟಿನಲ್ಲಿ ಅರ್ಥ್ ಸರಿ ಇದೆಯೇ ಎನ್ನುವ ಅನುಮಾನವಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ನೋಡಲಿ, ನೀವೇ ಕೈಹಾಕಬೇಡಿ. ಹೊಸದಾಗಿ ಕಟ್ಟಿದ್ದನ್ನು ಮೊದಲ ಸಲ ಹಾಕುವಾಗ ಮೇನ್ಸ್ ವೈರಿನ ಜೊತೆ ಸೀರೀಸಿನಲ್ಲಿ ಒಂದು 60 ವ್ಯಾಟಿನ ಹಳೇ ತಂತಿ ಬಲ್ಬ್ ಇರಲಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ನಿಮ್ಮ ಐಸಿ ಉಳಿಯುತ್ತದೆ.

ಅಂಗಡಿಗೆ ತರುವ ಮುಂಚೆ ಮನೆಯಲ್ಲೇ ಇಷ್ಟು ನೋಡಿ. ವಾಲ್ಯೂಮ್ ಸೊನ್ನೆಗೆ ಇಳಿಸಿದಾಗ ಸದ್ದೂ ಹೋದರೆ ಅದು ವಾಲ್ಯೂಮಿನ ಮುಂಚೆ ಸೇರುತ್ತಿದೆ. ಇಳಿಸಿದರೂ ಹಾಗೇ ಇದ್ದರೆ ಆಮೇಲೆ ಸೇರುತ್ತಿದೆ, ಹೆಚ್ಚಾಗಿ ಗ್ರೌಂಡೇ. ವಾಲ್ಯೂಮ್ ಕಂಟ್ರೋಲಿನ ಲೋಹದ ಮೈ ಮುಟ್ಟಿದಾಗ ಕಡಿಮೆಯಾದರೆ ಆ ಮೈಗೆ ಗ್ರೌಂಡ್ ಕೊಟ್ಟಿಲ್ಲ ಎಂದು ಅರ್ಥ. ಮೊಬೈಲಿನಿಂದ ಹಾಡು ಹಾಕಿದಾಗ ಸದ್ದಿಲ್ಲದೆ, ಟಿವಿಗೆ ಜೋಡಿಸಿದ ಕೂಡಲೇ ಬಂದರೆ ನಿಮ್ಮ ಡಬ್ಬಿಯಲ್ಲಿ ತಪ್ಪಿಲ್ಲದಿರಬಹುದು. ಕೇಬಲ್ ಟಿವಿ ವೈರಿನ ಮೂಲಕ ಇನ್ನೊಂದು ಗ್ರೌಂಡ್ ದಾರಿ ಸೇರಿಕೊಂಡಿರುತ್ತದೆ. ಟಿವಿಯಿಂದ ಕೇಬಲ್ ವೈರನ್ನು ಒಂದು ಕ್ಷಣ ಬಿಚ್ಚಿ ನೋಡಿ. ಸದ್ದು ನಿಂತರೆ ಡಬ್ಬಿ ಹೊತ್ತು ತರುವ ಕೆಲಸವೇ ಇಲ್ಲ, ಟಿವಿಗೂ ಆಂಪ್ಲಿಫೈಯರಿಗೂ ನಡುವೆ ಹಾಕುವ, ಗ್ರೌಂಡ್ ದಾರಿಯನ್ನು ಬೇರ್ಪಡಿಸುವ ಆಡಿಯೋ ಐಸೊಲೇಟರ್ ಒಂದು ಕೊಂಡರೆ ಸಾಕಾಗಬಹುದು.