ಗ್ಯೋಜ್‌ನ ಹುಳಿ: ಬ್ರಸೆಲ್ಸ್‌ನ ಗಾಳಿ, ಪೀಪಾಯಿಯ ಮರ ಮತ್ತು ನಮ್ಮ ನಾಲಿಗೆ

ಬ್ರಸೆಲ್ಸ್ ನಗರದ ಗ್ರಾಂಡ್ ಪ್ಲಾಸ್ ಚೌಕದ ಸುತ್ತಲಿನ ಓಣಿಗಳಲ್ಲಿ ಪ್ರವಾಸಿಗರಿಗೆ ಸ್ಥಳೀಯ ಬಿಯರ್‌ಗಳ ರುಚಿ ತೋರಿಸುವ ಮಾರ್ಗದರ್ಶಿಗಳಿಗೆ ಕೊರತೆಯಿಲ್ಲ. ಹತ್ತು ಹನ್ನೆರಡು ಜನರ ಗುಂಪನ್ನು ಕಟ್ಟಿಕೊಂಡು ಎರಡು ಮೂರು ಪಾನಗೃಹಗಳನ್ನು ಸುತ್ತಿಸಿ, ಐದಾರು ಬಗೆಯ ಬಿಯರ್‌ಗಳನ್ನು ಸಣ್ಣ ಲೋಟಗಳಲ್ಲಿ ಕೊಟ್ಟು, ಪ್ರತಿಯೊಂದರ ಹಿನ್ನೆಲೆಯನ್ನು ಅವರು ವಿವರಿಸುತ್ತಾರೆ. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಸಂಗತಿಯೂ ಸಾಮಾನ್ಯವಾಗಿ ಆ ವಿವರಣೆಯಲ್ಲಿ ಬಂದುಹೋಗುತ್ತದೆ. ಇಂತಹ ಸುತ್ತಾಟದಲ್ಲಿ ಹೊಸಬರ ಮುಖ ಕಿವುಚಿಕೊಳ್ಳುವುದು ಸಾಮಾನ್ಯವಾಗಿ ಒಂದೇ ಲೋಟಕ್ಕೆ. ಅದು ಗ್ಯೋಜ್ ಎಂಬ ಹುಳಿ ಬಿಯರ್. ಅದರಲ್ಲಿ ಹುಣಸೆಯನ್ನೂ ಮೀರಿಸುವ ಚುರುಕು ಹುಳಿಯಿದೆ, ಒಣ ಒಗರಿದೆ, ಅದರ ಹಿಂದೆಯೇ ಕುದುರೆ ಲಾಯವನ್ನು ಹೋಲುವ ಒಂದು ಘಾಟು ಇದೆ. ಗ್ಯೋಜ್ ಇಲ್ಲದ ರುಚಿ ಕಾರ್ಯಕ್ರಮಕ್ಕೆ ಬ್ರಸೆಲ್ಸ್‌ನಲ್ಲಿ ಹಣ ಕೊಡುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಉಳಿದ ಬಿಯರ್‌ಗಳು ಜಗತ್ತಿನ ಬೇರೆ ನಗರಗಳಲ್ಲಿಯೂ ದೊರೆಯುತ್ತವೆ, ಆದರೆ ಇದರ ಹಿಂದಿರುವ ಜೀವವಿಜ್ಞಾನವನ್ನು ತಯಾರಾಗುವ ಜಾಗದಲ್ಲಿಯೇ ನೋಡುವ ಅವಕಾಶ ಇಲ್ಲಿದೆ.

ಮಿಡಿ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಆಂಡರ್ಲೆಖ್ಟ್ ಎಂಬ ಬಡಾವಣೆಯಲ್ಲಿ, 1900ರಲ್ಲಿ ಆರಂಭವಾದ ಕಾಂಟಿಯೋನ್ ಎಂಬ ಬ್ರೂವರಿ ಇದೆ. 1978ರಿಂದ ಅದು ವಸ್ತುಸಂಗ್ರಹಾಲಯವೂ ಹೌದು. ಅದರ ಮಾಳಿಗೆಯಲ್ಲಿ, ಹೆಂಚಿನ ಛಾವಣಿಯ ಕೆಳಗೆ, ಕೋಣೆಯಷ್ಟೇ ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿಯೊಂದನ್ನು ಹಾಸಿಟ್ಟಂತೆ ಕೂರಿಸಿದ್ದಾರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನೂ ಮೊಳಕೆ ಬರಿಸದ ಗೋಧಿಯನ್ನೂ ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ದ್ರವವನ್ನು ಹಾಪ್ಸ್ ಹೂವಿನೊಂದಿಗೆ ಗಂಟೆಗಟ್ಟಲೆ ಕುದಿಸಿ, ಸಂಜೆಯ ಹೊತ್ತಿಗೆ ಈ ತೊಟ್ಟಿಗೆ ಹರಿಸುತ್ತಾರೆ. ಬೇರೆ ಬ್ರೂವರಿಗಳಲ್ಲಿ ಈ ಹಂತದಲ್ಲಿ ದ್ರವವನ್ನು ಮುಚ್ಚಿದ ಕೊಳವೆಗಳಲ್ಲಿ ಬೇಗ ತಣಿಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಯೀಸ್ಟ್ ಬೆರೆಸುತ್ತಾರೆ. ಇಲ್ಲಿ ಕಿಟಕಿ ತೆರೆದಿಟ್ಟು, ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಓಕ್ ಮರದ ಪೀಪಾಯಿಗಳಿಗೆ ತುಂಬುತ್ತಾರೆ. ಯೀಸ್ಟನ್ನು ಯಾರೂ ಹಾಕುವುದಿಲ್ಲ. ಹೀಗೆ ತಾನಾಗಿಯೇ ಹುದುಗಿದ ಬಿಯರ್‌ಗೆ ಲ್ಯಾಂಬಿಕ್ ಎಂದು ಹೆಸರು. ಒಂದು, ಎರಡು ಮತ್ತು ಮೂರು ವರ್ಷ ಹಳೆಯದಾದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಯಲ್ಲಿ ಮತ್ತೊಮ್ಮೆ ಹುದುಗಿಸಿದರೆ ಗ್ಯೋಜ್ ಆಗುತ್ತದೆ. ಎಳೆಯ ಲ್ಯಾಂಬಿಕ್‌ನಲ್ಲಿ ಉಳಿದಿರುವ ಸಕ್ಕರೆಯೇ ಬಾಟಲಿಯೊಳಗೆ ಅನಿಲ ಹುಟ್ಟಲು ಕಾರಣ.

ಹತ್ತೊಂಬತ್ತನೆಯ ಶತಮಾನದ ವಿಜ್ಞಾನದ ದೃಷ್ಟಿಯಲ್ಲಿ ಇದು ಹಿಂದೆ ಬಿಟ್ಟು ಬರಬೇಕಾದ ಪದ್ಧತಿಯಾಗಿತ್ತು. ಬಿಯರ್ ಕೆಡುವುದಕ್ಕೆ ಬೇಡದ ಸೂಕ್ಷ್ಮಜೀವಿಗಳು ಕಾರಣವೆಂದು ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಕುರಿತ ತಮ್ಮ ಗ್ರಂಥದಲ್ಲಿ ವಿವರಿಸಿದರು. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸನ್ ಒಂದೇ ಯೀಸ್ಟ್ ಕೋಶದಿಂದ ಶುದ್ಧ ಸಂತತಿಯನ್ನು ಬೆಳೆಸಿ ತೋರಿಸಿದರು. ಅಂದಿನಿಂದ ಬಿಯರ್ ಉದ್ಯಮದ ಇತಿಹಾಸವೆಂದರೆ ಬಹುಮಟ್ಟಿಗೆ ಬೇಡದ ಜೀವಿಗಳನ್ನು ಹೊರಗಿಡುವ ಇತಿಹಾಸ. ಲ್ಯಾಂಬಿಕ್ ತಯಾರಕರು ಮಾತ್ರ ಆ ಜೀವಿಗಳನ್ನೇ ಸರದಿಯ ಮೇಲೆ ದುಡಿಸಿಕೊಂಡರು.

ಆ ಸರದಿ ಹೇಗಿರುತ್ತದೆ ಎಂಬುದು ಈಗ ಚೆನ್ನಾಗಿ ತಿಳಿದಿದೆ. ಪೀಪಾಯಿಯಲ್ಲಿ ಮೊದಲ ಕೆಲವು ವಾರ ಎಂಟೆರೊಬ್ಯಾಕ್ಟೀರಿಯಾ ಗುಂಪಿನ ಜೀವಿಗಳು ಸುಲಭವಾಗಿ ದೊರೆಯುವ ಗ್ಲೂಕೋಸನ್ನು ತಿಂದು ಬೆಳೆಯುತ್ತವೆ. ಈ ಹಂತದ ದ್ರವವನ್ನು ಮೂಸಿದರೆ ಅದು ಮುಂದೆ ಬಿಯರ್ ಆಗಬಲ್ಲದೆಂದು ನಂಬುವುದು ಕಷ್ಟ. ಆಮ್ಲೀಯತೆ ಮತ್ತು ಆಲ್ಕೋಹಾಲ್ ಏರಿದಂತೆ ಅವು ಸಾಯುತ್ತವೆ. ನಂತರ ಬ್ರೆಡ್‌ಗೂ ಸಾಮಾನ್ಯ ಬಿಯರ್‌ಗೂ ಬಳಕೆಯಾಗುವ ಸ್ಯಾಕರೊಮೈಸಿಸ್ ಯೀಸ್ಟ್ ಮೇಲುಗೈ ಪಡೆದು, ಮೂರು ನಾಲ್ಕು ತಿಂಗಳಲ್ಲಿ ಹೆಚ್ಚಿನ ಸಕ್ಕರೆಯನ್ನು ಆಲ್ಕೋಹಾಲ್ ಆಗಿ ಪರಿವರ್ತಿಸುತ್ತದೆ. ಬೇಸಿಗೆಯ ಶಾಖ ಬರುವ ಹೊತ್ತಿಗೆ ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸತೊಡಗುತ್ತದೆ. ಅದು ಕೆಲವೊಮ್ಮೆ ಸಕ್ಕರೆಯ ಅಣುಗಳನ್ನು ಉದ್ದದ ಎಳೆಗಳಾಗಿ ಹೆಣೆಯುವುದರಿಂದ ಲ್ಯಾಂಬಿಕ್ ಎಣ್ಣೆಯಂತೆ ಲೋಳೆಲೋಳೆಯಾಗುತ್ತದೆ, ಬೆಣ್ಣೆಯ ವಾಸನೆಯ ಡಯಾಸಿಟೈಲ್ ಕೂಡ ಅದರಲ್ಲಿ ಸೇರಿಕೊಳ್ಳುತ್ತದೆ. ಆಗ ತಯಾರಕರು ಮಾಡುವುದೇನೂ ಇಲ್ಲ, ಕಾಯುತ್ತಾರೆ ಅಷ್ಟೆ. ಕೊನೆಗೆ ಬರುವ ಬ್ರೆಟನೊಮೈಸಿಸ್ ಎಂಬ ನಿಧಾನದ ಯೀಸ್ಟ್ ಆ ಲೋಳೆಯನ್ನು ಒಡೆದು, ಬೆಣ್ಣೆ ವಾಸನೆಯನ್ನು ತೆಗೆದು, ಬೇರೆ ಯೀಸ್ಟ್‌ಗಳು ಮುಟ್ಟದ ದೊಡ್ಡ ಸಕ್ಕರೆಗಳನ್ನೂ ತಿಂದು, ಪಾನೀಯವನ್ನು ಒಣಗಿಸಿದಂತೆ ಸಿಹಿ ಇಲ್ಲದ್ದಾಗಿ ಮಾಡುತ್ತದೆ. ಮೊಳಕೆ ಬರಿಸದ ಗೋಧಿಯನ್ನು ಮೊದಲಿಗೇ ಸೇರಿಸುವುದರ ಉದ್ದೇಶವೂ ಇದೇ: ಸುಲಭವಾಗಿ ಕರಗದ ಪಿಷ್ಟದ ತುಣುಕುಗಳು ಈ ತಡವಾಗಿ ಬರುವ ಯೀಸ್ಟ್‌ಗೆ ವರ್ಷಗಟ್ಟಲೆ ಆಹಾರವಾಗಿ ಉಳಿಯಬೇಕು.

ಕನ್ನಡ ಓದುಗರಿಗೆ ಈ ಸರದಿ ಹೊಸದೇನಲ್ಲ. ಇಡ್ಲಿ ಹಿಟ್ಟಿಗೆ ನಾವು ಯಾವ ಹೆಪ್ಪನ್ನೂ ಹಾಕುವುದಿಲ್ಲ. ಉದ್ದಿನಬೇಳೆ ಮತ್ತು ಅಕ್ಕಿಯೊಂದಿಗೇ ಬಂದ ಲ್ಯೂಕೊನಾಸ್ಟಾಕ್ ಮುಂತಾದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ರಾತ್ರಿಯೊಳಗೆ ಹಿಟ್ಟನ್ನು ಉಬ್ಬಿಸಿ ಹುಳಿ ಬರಿಸುತ್ತವೆ. ನಾವು ಬೆಳಿಗ್ಗೆಯೇ ಅದನ್ನು ಬೇಯಿಸಿಬಿಡುತ್ತೇವೆ, ಬ್ರಸೆಲ್ಸ್‌ನವರು ಮೂರು ವರ್ಷ ಬಿಡುತ್ತಾರೆ.

ಇನ್ನು ಕುದುರೆ ಲಾಯದ ವಾಸನೆಯ ಮಾತು. ಧಾನ್ಯದ ಸಿಪ್ಪೆಯಲ್ಲಿರುವ ಕೂಮರಿಕ್ ಆಮ್ಲ, ಫೆರೂಲಿಕ್ ಆಮ್ಲಗಳನ್ನು ಬ್ರೆಟನೊಮೈಸಿಸ್ ಎರಡು ಹಂತಗಳಲ್ಲಿ ಈಥೈಲ್‌ಫೀನಾಲ್ ಮತ್ತು ಈಥೈಲ್‌ಗ್ವಾಯಕೋಲ್ ಎಂಬ ಸಂಯುಕ್ತಗಳಾಗಿ ಬದಲಿಸುತ್ತದೆ. ಮೊದಲನೆಯದಕ್ಕೆ ಚರ್ಮ ಮತ್ತು ಲಾಯದ ಘಾಟು, ಎರಡನೆಯದಕ್ಕೆ ಹೊಗೆ ಮತ್ತು ಮಸಾಲೆಯ ಘಮ. ವೈನ್ ತಯಾರಕರು ಇದೇ ವಾಸನೆ ಬಂದರೆ ಪೀಪಾಯಿ ಕೆಟ್ಟಿತೆಂದು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಈ ಯೀಸ್ಟನ್ನು ಮೊದಲು ಗುರುತಿಸಿದವರು ಕಾರ್ಲ್ಸ್‌ಬರ್ಗ್‌ನ ನೀಲ್ಸ್ ಹೆಲ್ಟೆ ಕ್ಲಾಸನ್. 1904ರಲ್ಲಿ, ಇಂಗ್ಲೆಂಡಿನ ಹಳೆಯ ಬಿಯರ್‌ಗಳಲ್ಲಿ. ಶುದ್ಧ ಯೀಸ್ಟ್‌ನ ತವರೇ ಕಾಡು ಯೀಸ್ಟ್‌ಗೂ ಹೆಸರಿಟ್ಟದ್ದು ಕುತೂಹಲದ ಸಂಗತಿ.

ರುಚಿ ತೋರಿಸುವ ಮಾರ್ಗದರ್ಶಿಗಳು ಈ ಜೀವಿಗಳ ಮೂಲದ ಬಗ್ಗೆ ಹೇಳುವುದು ಸಾಮಾನ್ಯವಾಗಿ ಒಂದೇ ಕಥೆ: ಸೆನ್ ನದಿಯ ಕಣಿವೆಯ ಗಾಳಿಯಲ್ಲಿ ಮಾತ್ರ ಈ ಯೀಸ್ಟ್ ತೇಲುತ್ತದೆ, ಆದ್ದರಿಂದ ಲ್ಯಾಂಬಿಕ್ ಬೇರೆಲ್ಲಿಯೂ ಆಗದು. ಕೇಳಲು ಚೆನ್ನಾಗಿದೆ. ಆದರೆ ಆ ನದಿಯನ್ನು ನಗರದ ನಡುಭಾಗದಲ್ಲಿ 1867ರಿಂದ 1871ರ ನಡುವೆ ಕಮಾನುಗಳ ಕೆಳಗೆ ಮುಚ್ಚಿಹಾಕಲಾಯಿತು, ದಂಡೆಯ ಹಣ್ಣಿನ ತೋಟಗಳು ಹೋಗಿ ಬಡಾವಣೆಗಳು ಎದ್ದವು, ಆದರೂ ಲ್ಯಾಂಬಿಕ್ ಹುದುಗುವುದು ನಿಲ್ಲಲಿಲ್ಲ. ಅಮೆರಿಕದ ಬ್ರೂವರಿಯೊಂದರಲ್ಲಿ ಇದೇ ಪದ್ಧತಿಯಲ್ಲಿ ತಯಾರಿಸಿದ ಬಿಯರನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಹೆಚ್ಚುಕಡಿಮೆ ಇದೇ ಸರದಿ ಕಂಡುಬಂತು, ಮತ್ತು ಆ ಜೀವಿಗಳು ಬ್ರೂವರಿಯ ಕಟ್ಟಡದಲ್ಲಿಯೇ ಬೀಡುಬಿಟ್ಟಿದ್ದವು. ಬೆಲ್ಜಿಯಂನ ಸಂಶೋಧಕರ ಅಧ್ಯಯನಗಳು ಪೀಪಾಯಿಗಳ ಒಳಮೈಯ ಮರವೇ ಮುಖ್ಯ ಯೀಸ್ಟ್‌ಗಳಿಗೂ ಪೀಡಿಯೊಕಾಕಸ್‌ಗೂ ದೊಡ್ಡ ಆಶ್ರಯವೆಂದು ತೋರಿಸಿವೆ. ಬಿಸಿನೀರಿನಲ್ಲಿ ತೊಳೆದ ಮೇಲೂ ಮರದ ರಂಧ್ರಗಳೊಳಗೆ ಅವು ಬದುಕುಳಿಯುತ್ತವೆ. ಗಾಳಿಯ ಪಾತ್ರ ಇಲ್ಲವೆಂದಲ್ಲ. ಆದರೆ ಈ ರುಚಿಯ ವಿಳಾಸ ಕಣಿವೆಗಿಂತ ಹೆಚ್ಚಾಗಿ ಆ ಮನೆ, ಆ ತೊಲೆ, ಆ ಪೀಪಾಯಿ. ನನಗಂತೂ ಈ ನಿಜವೇ ಕಥೆಗಿಂತ ಹೆಚ್ಚು ಸೊಗಸಾಗಿ ಕಾಣುತ್ತದೆ. ಕಾಂಟಿಯೋನ್‌ನ ಉಗ್ರಾಣದಲ್ಲಿ ಪೀಪಾಯಿಗಳ ಸಂದುಗಳಲ್ಲಿ ಜೇಡರ ಬಲೆಗಳನ್ನು ಗುಡಿಸದೆ ಬಿಟ್ಟಿರುವುದು ಕಾಣಿಸುತ್ತದೆ. ಹುಳಿಚೆರಿ ಹಣ್ಣು ನೆನೆಸಿ ಕ್ರೀಕ್ ಎಂಬ ಕೆಂಪು ಬಿಯರ್ ತಯಾರಿಸುವ ಕಾಲದಲ್ಲಿ ಹಣ್ಣಿನ ನೊಣಗಳು ಮುತ್ತುತ್ತವೆ, ಅವುಗಳೊಂದಿಗೆ ಮದ್ಯವನ್ನು ವಿನಿಗರ್ ಮಾಡುವ ಬ್ಯಾಕ್ಟೀರಿಯಾ ಬರುತ್ತದೆ, ಮತ್ತು ಜೇಡಗಳು ಆ ನೊಣಗಳನ್ನು ಹಿಡಿಯುತ್ತವೆ.

ಕಥೆ ಬಿಯರಿನ ಮೂಲವನ್ನು ಮಾತ್ರವಲ್ಲ, ರುಚಿಯನ್ನೂ ತಿದ್ದುತ್ತದೆ ಎಂಬುದಕ್ಕೆ ಪುರಾವೆಯಿದೆ. ಲಿಯೊನಾರ್ಡ್ ಲೀ, ಶೇನ್ ಫ್ರೆಡರಿಕ್ ಮತ್ತು ಡ್ಯಾನ್ ಆರಿಯೆಲಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾನಗೃಹಕ್ಕೆ ಬಂದವರಿಗೆ ಸಾಮಾನ್ಯ ಬಿಯರನ್ನೂ ಕೆಲವು ಹನಿ ಬಾಲ್ಸಾಮಿಕ್ ವಿನಿಗರ್ ಬೆರೆಸಿದ ಬಿಯರನ್ನೂ ಕೊಡಲಾಯಿತು. ಏನೂ ತಿಳಿಯದೆ ಕುಡಿದವರಲ್ಲಿ ಹಲವರು ವಿನಿಗರ್ ಬೆರೆಸಿದ್ದನ್ನೇ ಮೆಚ್ಚಿದರು. ಕುಡಿಯುವ ಮೊದಲೇ ವಿನಿಗರ್ ವಿಷಯ ತಿಳಿದವರಲ್ಲಿ ಆ ಮೆಚ್ಚುಗೆ ಕುಸಿಯಿತು. ಕುಡಿದ ಬಳಿಕ ತಿಳಿದವರ ಅಭಿಪ್ರಾಯ ಮಾತ್ರ ತಿಳಿಯದೆ ಕುಡಿದವರಂತೆಯೇ ಉಳಿಯಿತು. ಅಂದರೆ ಮಾಹಿತಿಯು ಮನಸ್ಸಿನ ತೀರ್ಪನ್ನಷ್ಟೇ ಅಲ್ಲ, ಬಾಯಿಯ ಅನುಭವವನ್ನೇ ಬದಲಿಸುತ್ತದೆ, ಅದೂ ಮುಂಚಿತವಾಗಿ ಬಂದಾಗ ಮಾತ್ರ. ಈ ದೃಷ್ಟಿಯಿಂದ "ಈಗ ಕೊಡುವುದು ತುಂಬಾ ಹುಳಿ, ಎಲ್ಲರಿಗೂ ಹಿಡಿಸುವುದಿಲ್ಲ" ಎಂದು ಮೊದಲೇ ಎಚ್ಚರಿಸುವ ಮಾರ್ಗದರ್ಶಿ ಗ್ಯೋಜ್‌ಗೆ ಅನ್ಯಾಯ ಮಾಡುತ್ತಾರೆ. ಲೋಟವನ್ನು ಸುಮ್ಮನೆ ಕೈಗೆ ಕೊಟ್ಟು, ಮೊದಲ ಗುಟುಕಿನ ನಂತರ ಬಾಯಿ ತೆರೆಯುವವರು ಉತ್ತಮ ಮಾರ್ಗದರ್ಶಿ.

ನಾಲಿಗೆಯ ಬಗ್ಗೆಯೂ ಇಂತಹ ಕಾರ್ಯಕ್ರಮಗಳಲ್ಲಿ ಹಳೆಯ ತಪ್ಪೊಂದು ಇನ್ನೂ ಓಡಾಡುತ್ತಿದೆ. ಕಹಿ ನಾಲಿಗೆಯ ಹಿಂಭಾಗದಲ್ಲಿ ಮಾತ್ರ ತಿಳಿಯುತ್ತದೆ, ಆದ್ದರಿಂದ ಬಿಯರನ್ನು ವೈನಿನಂತೆ ಉಗುಳದೆ ನುಂಗಬೇಕು ಎನ್ನುತ್ತಾರೆ. ಜರ್ಮನ್ ವಿಜ್ಞಾನಿ ಹೆನಿಗ್ 1901ರಲ್ಲಿ ದಾಖಲಿಸಿದ ಅತಿ ಸಣ್ಣ ವ್ಯತ್ಯಾಸಗಳನ್ನು ಮುಂದಿನವರು ತಪ್ಪಾಗಿ ಓದಿದ್ದರಿಂದ ಹುಟ್ಟಿದ ನಕ್ಷೆ ಇದು. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳಲ್ಲಿಯೂ ಎಲ್ಲ ರುಚಿಗಳೂ ತಿಳಿಯುತ್ತವೆ. ಕಹಿಗೆಂದೇ ಮನುಷ್ಯನಲ್ಲಿ ಸುಮಾರು 25 ಬಗೆಯ ಗ್ರಾಹಕಗಳಿವೆ, ಹಾಪ್ಸ್‌ನ ಕಹಿಗೆ ಅವುಗಳಲ್ಲಿ ಮೂರು ಸ್ಪಂದಿಸುತ್ತವೆ. ಆದರೂ ನುಂಗುವ ಸಲಹೆಯಲ್ಲಿ ಹುರುಳಿದೆ, ಕಾರಣ ಮಾತ್ರ ಬೇರೆ: ನುಂಗಿದ ಮರುಕ್ಷಣ ಹೊರಬರುವ ಉಸಿರು ಗಂಟಲಿನ ಹಿಂಬದಿಯಿಂದ ಮೂಗಿಗೆ ಪರಿಮಳವನ್ನು ಒಯ್ಯುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಈ ಹಿಂಬಾಗಿಲಿನ ವಾಸನೆಯೇ. ಮೂಗು ಹಿಡಿದು ಗ್ಯೋಜ್ ಕುಡಿದರೆ ಹುಳಿ, ಒಗರು, ಚುಚ್ಚು ಉಳಿಯುತ್ತವೆ, ಲಾಯವೂ ಮಸಾಲೆಯೂ ಮಾಯವಾಗುತ್ತವೆ.

ಆ ಚುಚ್ಚು ಕೂಡ ಬರೀ ಗುಳ್ಳೆ ಒಡೆಯುವುದರಿಂದ ಬರುವುದಲ್ಲ. ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿಸುವ ಕಿಣ್ವವೊಂದು ಹುಳಿಯನ್ನು ಗ್ರಹಿಸುವ ಕೋಶಗಳ ಮೇಲೆಯೇ ಕೂತಿದೆಯೆಂದು 2009ರಲ್ಲಿ ಇಲಿಗಳ ಮೇಲೆ ನಡೆಸಿದ ಸಂಶೋಧನೆ ತೋರಿಸಿತು. ಎತ್ತರದ ಪರ್ವತಗಳಲ್ಲಿ ತಲೆಸುತ್ತು ಬಾರದಂತೆ ಅಸೆಟಜೋಲಮೈಡ್ ಎಂಬ ಮಾತ್ರೆ ನುಂಗಿದ ಚಾರಣಿಗರಿಗೆ ಬಿಯರ್ ಸಪ್ಪೆಯೆನಿಸುವುದು ಇದರಿಂದಲೇ; ಆ ಮಾತ್ರೆ ತಡೆಯುವುದು ಈ ಬಗೆಯ ಕಿಣ್ವಗಳನ್ನೇ. ಪೀಪಾಯಿಯಿಂದ ನೇರವಾಗಿ ಬಗ್ಗಿಸಿದ, ಗುಳ್ಳೆಯೇ ಇಲ್ಲದ ಲ್ಯಾಂಬಿಕ್ ಮತ್ತು ಉಕ್ಕುವ ಗ್ಯೋಜ್ ಎರಡನ್ನೂ ಅಕ್ಕಪಕ್ಕ ಇಟ್ಟು ಕುಡಿದರೆ, ಬಹುಪಾಲು ಒಂದೇ ದ್ರವ ಎರಡು ಬೇರೆ ಪಾನೀಯಗಳಂತೆ ತೋರುತ್ತದೆ.

ಲೋಟಗಳ ಕ್ರಮ ಹಗುರದಿಂದ ಗಾಢಕ್ಕೆ ಸಾಗುವುದು ವಾಡಿಕೆ, ಮತ್ತು ಅದು ಸರಿಯಾದದ್ದೇ: ಮೂಗು ಒಂದೇ ವಾಸನೆಗೆ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ, ಸಿಹಿ ಮತ್ತು ಆಲ್ಕೋಹಾಲ್ ನಂತರದ ಹಗುರ ರುಚಿಯನ್ನು ಮುಚ್ಚುತ್ತವೆ. ಆದರೆ ಈ ಕ್ರಮಕ್ಕೆ ಒಂದು ತೊಡಕಿದೆ. ಅತಿ ಕಟುವಾದ ಬಿಯರ್‌ಗಳು ಎಚ್ಚರ ಸಡಿಲವಾದ ಹೊತ್ತಿಗೆ ಬರುತ್ತವೆ. ತಲಾ 150 ಮಿಲಿಲೀಟರಿನ ಆರು ಲೋಟಗಳನ್ನು ಲೆಕ್ಕ ಹಾಕೋಣ. ಲ್ಯಾಂಬಿಕ್, ಗ್ಯೋಜ್ ಮತ್ತು ಕ್ರೀಕ್ ಶೇ 5ರ ಆಸುಪಾಸಿನವು. ಬಾಟಲಿಗೆ ತುಂಬುವಾಗ ಬ್ರೆಟನೊಮೈಸಿಸ್ ಸೇರಿಸುವ ಮಠದ ಬಿಯರ್ ಓರ್ವಾಲ್ ಶೇ 6.2, ವೆಸ್ಟ್‌ಮಾಲೆ ಟ್ರಿಪಲ್ ಶೇ 9.5; ರೋಶ್‌ಫೋರ್ 10 ಎಂಬ ಕಡುಗಂದು ಬಿಯರ್ ಶೇ 11.3. ಒಟ್ಟು ಸುಮಾರು 50 ಗ್ರಾಂ ಆಲ್ಕೋಹಾಲ್, ಅಂದರೆ ನಮ್ಮಲ್ಲಿ ಮಾರುವ 650 ಮಿಲಿಲೀಟರಿನ, ಶೇ 5ರ ಎರಡು ಬಾಟಲಿಗಳಷ್ಟು. ಅದರಲ್ಲಿ ಅರ್ಧದಷ್ಟು ಕೊನೆಯ ಎರಡು ಲೋಟಗಳಲ್ಲಿಯೇ ಇದೆ. ಆಲ್ಕೋಹಾಲ್ ಪಾನೀಯಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿರುವುದನ್ನು ಯಾವ ಮಾರ್ಗದರ್ಶಿಯೂ ಹೇಳಲಾರರು. ಪರಿಮಳ ತಿಳಿಯಲು ಎರಡು ಗುಟುಕು ಸಾಕು. ಕೊನೆಯ ಎರಡು ಲೋಟಗಳನ್ನು ಅರ್ಧಕ್ಕೇ ಇಟ್ಟು ನೀರು, ಬ್ರೆಡ್ಡು ಕೇಳಿದರೆ ಬ್ರಸೆಲ್ಸ್‌ನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.